ಸಜ್ಜೆ ಮೇಲಿನ ಬೇಸ್ ಗಿಟಾರ್ ಮಾರುವ ಮುನ್ನ

ಮಲ್ಲೇಶ್ವರದ ನಮ್ಮ ಮನೆಯ ಸಜ್ಜೆ ಮೇಲೆ ಅಣ್ಣನ ಬೇಸ್ ಗಿಟಾರ್ ವರ್ಷಗಟ್ಟಲೆ ಮಲಗಿತ್ತು. ಇಳಿಸಿ ನೋಡಿದರೆ ತಂತಿಗೆಲ್ಲ ತುಕ್ಕು. ನಾಬ್ ತಿರುಗಿಸಿದರೆ ಕರಕರ ಸದ್ದು. ‘ಏನಾದ್ರೂ ಮಾಡು, ಗುಜರಿಗೆ ಮಾತ್ರ ಹಾಕ್ಬೇಡ’ ಎಂದ ಅಣ್ಣ. ರಿಪೇರಿ ಬೇಕಾದ ವಾದ್ಯವನ್ನೂ ಒಳ್ಳೆಯ ಬೆಲೆಗೆ ಮಾರಬಹುದು. ಅದರಲ್ಲಿ ಏನು ಕೆಟ್ಟಿದೆ ಎಂದು ನಿಮಗೆ ಸರಿಯಾಗಿ ಗೊತ್ತಿರಬೇಕು, ಅಷ್ಟೇ.

ಒರೆಸುವ ಮೊದಲೇ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಗಿಟಾರಿನ ತಲೆಯ ಮೇಲಿನ ಕಂಪನಿ ಹೆಸರು, ತಲೆಯ ಹಿಂಭಾಗದಲ್ಲೋ ನೆಕ್ (ಉದ್ದನೆಯ ಕುತ್ತಿಗೆ) ಒಡಲಿಗೆ ಕೂಡುವ ಕಡೆಯ ಲೋಹದ ಪಟ್ಟಿಯ ಮೇಲೋ ಇರುವ ಸೀರಿಯಲ್ ನಂಬರ್, ಎಲ್ಲ ಇರಲಿ. ತಲೆಯ ಬುಡದಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ 12ನೇ ಫ್ರೆಟ್‌ವರೆಗೆ (ನೆಕ್ ಮೇಲಿನ ಅಡ್ಡ ಲೋಹದ ಗೆರೆಯೇ ಫ್ರೆಟ್) ಅಳೆದು ಎರಡರಿಂದ ಗುಣಿಸಿ. 34 ಇಂಚು ಬಂದರೆ ಮಾಮೂಲಿ ಅಳತೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್‌ನದೂ ಇದೇ ಅಳತೆ. 30 ಇಂಚಿನ ಆಸುಪಾಸು ಬಂದರೆ ಅದು ಶಾರ್ಟ್ ಸ್ಕೇಲ್, ಅಂದರೆ ಚಿಕ್ಕ ಅಳತೆಯದು. ಕೊಳ್ಳುವವರು ಇದನ್ನು ಕೇಳಿಯೇ ಕೇಳುತ್ತಾರೆ.

ಈಗ ಸದ್ದು ನೋಡೋಣ. ಹಿಂದೆ ಬ್ಯಾಟರಿ ಡಬ್ಬಿ ಇದ್ದರೆ ಅದು ಆ್ಯಕ್ಟಿವ್ ಬೇಸ್. ಹೆಚ್ಚಿನವಕ್ಕೆ 9 ವೋಲ್ಟ್‌ನ ಹೊಸ ಬ್ಯಾಟರಿ ಹಾಕದೆ ಸದ್ದೇ ಬರುವುದಿಲ್ಲ. ಕೆಟ್ಟುಹೋಗಿದೆ ಎಂದು ಸುಮ್ನೆ ಅಗ್ಗಕ್ಕೆ ಕೊಟ್ಟುಬಿಡಬೇಡಿ. ಸದ್ದು ಹೆಚ್ಚಿಸುವ ಪೆಟ್ಟಿಗೆಯಾದ ಆಂಪ್‌ಗೆ ಸಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯನ್ನು ತಂತಿಗಳ ಕೆಳಗೆ ಅವುಗಳ ಕಂಪನ ಹಿಡಿಯುವ ಪಿಕಪ್‌ಗೆ ಮೆಲ್ಲಗೆ ತಾಗಿಸಿ. ‘ಟಕ್’ ಎಂದರೆ ಪಿಕಪ್‌ಗೆ ಜೀವ ಇದೆ. ಕರಕರ ಎನ್ನುವುದು ನಾಬ್ ಒಳಗಿನ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಸದ್ದು ಬಿಟ್ಟು ಬಿಟ್ಟು ಬಂದರೆ ವೈರ್ ಸಿಕ್ಕಿಸುವ ಜ್ಯಾಕ್‌ನ ಬೆಸುಗೆ ಬಿಟ್ಟಿರಬಹುದು. ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದರೆ ಕ್ಲೀನರ್, ಜ್ಯಾಕ್ ಎರಡೂ ಸಿಗುತ್ತವೆ. ಈ ಎರಡು ಕೆಲಸ ಮಾಡಿಸಿಯೇ ಮಾರಿ. ಸದ್ದು ಬರುವ ಬೇಸ್‌ಗೂ ಬಾರದ ಬೇಸ್‌ಗೂ ಬೆಲೆಯಲ್ಲಿ ತುಂಬಾ ವ್ಯತ್ಯಾಸ, ಅಲ್ವಾ?

ನೆಕ್ ವಿಷಯದಲ್ಲಿ ಮಾತ್ರ ದುಡುಕಬೇಡಿ. ನಾಲ್ಕು ತಂತಿಗಳು ಸೇರಿ ಸುಮಾರು 80 ಕಿಲೋದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. ಅದನ್ನು ತಡೆಯುವುದು ಒಳಗಿನ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು. ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ 8ನೇ ಫ್ರೆಟ್ ಹತ್ತಿರ ನೋಡಿ. ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿದ್ದರೆ ಚಿಂತೆ ಇಲ್ಲ. ಜಾಸ್ತಿ ಇದ್ದರೆ ರಿಪೇರಿಯವರ ಹತ್ತಿರ ಖರ್ಚು ಕೇಳಿ ಬರೆದಿಟ್ಟುಕೊಳ್ಳಿ. ಬಿಗಿಯಾದ ಸರಳನ್ನು ನೀವೇ ಬಲವಾಗಿ ತಿರುಗಿಸಿ ಮುರಿದರೆ ನೆಕ್ಕೇ ಹೋದಂತೆ. ಬಣ್ಣವನ್ನೂ ಮುಟ್ಟಬೇಡಿ. ಮರಳು ಕಾಗದದಿಂದ ಉಜ್ಜಿ ಹೊಸ ಬಣ್ಣ ಬಳಿದ ಹಳೆಯ ಬೇಸ್‌ಗೆ ಬೆಲೆ ಇಳಿಯುತ್ತದೆ, ಏರುವುದಿಲ್ಲ. ಬಿಚ್ಚಿದ ಹಳೆಯ ಸ್ಕ್ರೂ, ನಾಬ್ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ.

ಬೆಲೆಯ ಲೆಕ್ಕ ಸುಲಭ. ಅದೇ ಮಾದರಿ ಒಳ್ಳೆಯ ಸ್ಥಿತಿಯಲ್ಲಿ 30,000 ರೂಪಾಯಿಗೆ ಹೋಗುತ್ತಿದೆ ಅಂದುಕೊಳ್ಳಿ. ರಿಪೇರಿಗೆ 8,000 ಕಳೆಯಿರಿ. ಕೊಳ್ಳುವವರ ಓಡಾಟಕ್ಕೆ ಇನ್ನೆರಡು ಸಾವಿರ ಬಿಡಿ. 20,000 ಕೇಳಿ.

ಜಾಹೀರಾತಿನಲ್ಲಿ ದೋಷವನ್ನೇ ಮೊದಲು ಬರೆಯಿರಿ. ‘ಮೂರನೇ ತಂತಿಯ ಶ್ರುತಿ ಮಾಡುವ ಕೀ ಬಿಗಿ, ಐದನೇ ಫ್ರೆಟ್ ಸವೆದಿದೆ’ ಎಂದು ನಾನು ಬರೆದೆ, ಎರಡರ ಫೋಟೋ ಸಮೇತ. ಬಂದ ಹುಡುಗ ಚೌಕಾಸಿ ಮಾಡಲೇ ಇಲ್ಲ. ಆ ದೋಷ ಅವನಿಗೆ ಆಗಲೇ ಗೊತ್ತಿತ್ತು, ಅದಕ್ಕೆ ಬೆಲೆಯೂ ಇಳಿದಿತ್ತು. ನುಡಿಸಿ ನೋಡಲು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮ್ (ಸಂಗೀತ ಅಭ್ಯಾಸದ ಕೋಣೆ) ಒಳ್ಳೆಯ ಜಾಗ, ಆಂಪ್ ಅಲ್ಲೇ ಇರುತ್ತದೆ. ಹಣ ಯುಪಿಐನಲ್ಲಿ ಬರುವುದಾದರೆ ನೆನಪಿಡಿ: ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸ.

ಬ್ಯಾಂಕಿನ ಮೆಸೇಜ್ ಬಂದ ಮೇಲೆ ಬೇಸ್ ಕೊಡಿ. ಹಳೆಯ ಸ್ಕ್ರೂಗಳ ಆ ಡಬ್ಬಿಯನ್ನೂ ಜೊತೆಗೆ ಕೊಡಿ.