ಗಿಳಿಗೆ ಮಾತು ಕಲಿಸುವುದು ಹೇಗೆ?

ಪಂಜರ ತಂದು ನೇತುಹಾಕುವುದು, ಹೋಗಿಬರುವವರೆಲ್ಲ ‘ಹಲೋ ಹಲೋ’ ಅಂತ ಕೂಗುವುದು, ತಿಂಗಳಾಗುವಷ್ಟರಲ್ಲಿ ‘ಇದಕ್ಕೆ ಮಾತೇ ಬರಲ್ಲ’ ಎಂದು ಕೈಬಿಡುವುದು. ಬಹಳ ಮನೆಗಳಲ್ಲಿ ನಡೆಯುವುದು ಇದೇ. ತಪ್ಪು ಹಕ್ಕಿಯದಲ್ಲ, ಕಲಿಸುವ ಕ್ರಮದ್ದು.

1. ಹಕ್ಕಿ ಆರಿಸುವುದು: ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಮಾರುವುದೂ ಅಪರಾಧ, ಸಾಕುವುದೂ ಅಪರಾಧ. ‘ಏನೂ ಆಗಲ್ಲ ಸಾರ್’ ಎನ್ನುವವರನ್ನು ನಂಬಬೇಡಿ. ಆಸ್ಟ್ರೇಲಿಯಾ ಮೂಲದ ಬಜರಿಗರ್ ಎಂಬ ಗಿಳಿ ತನ್ನಿ. ಅಂಗಡಿಗಳಲ್ಲಿ ಇದನ್ನೇ ‘ಲವ್ ಬರ್ಡ್ಸ್’ ಎಂದು ಮಾರುತ್ತಾರೆ. ಪುಟ್ಟದು ಅಂತ ಹಗುರವಾಗಿ ನೋಡಬೇಡಿ. ಪಕ್ ಎಂಬ ಬಜರಿಗರ್ 1,728 ಪದಗಳ ಗಿನ್ನೆಸ್ ದಾಖಲೆ ಮಾಡಿದೆ. ಹಣೆಯ ಗೆರೆಗಳು ಕೊಕ್ಕಿನವರೆಗೂ ಇರುವ ಮರಿಯನ್ನೇ ಆರಿಸಿ. ಗಂಡಾದರೆ ಒಳ್ಳೆಯದು, ಹೆಣ್ಣು ಮಾತಾಡುವುದು ಕಮ್ಮಿ.

2. ಹೊಂದಿಸುವುದು: ನೀರು, ನವಣೆ, ಸ್ವಲ್ಪ ಕೊತ್ತಂಬರಿ ಸೊಪ್ಪು. ಕೂರಲು ಸೀಬೆ ಗಿಡದ ಕೊಂಬೆ. ಮರಳು ಕಾಗದ ಸುತ್ತಿದ ಕೋಲು ಕೊಡಲು ಬಂದರೆ ವಾಪಸ್ ಕೊಡಿ, ಅದು ಕಾಲು ಕೆರೆದು ಹುಣ್ಣು ಮಾಡುತ್ತದೆ. ಪಂಜರ ಅಡುಗೆಮನೆಯಲ್ಲಂತೂ ಇಡಲೇಬೇಡಿ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಯ ಜೀವ ತೆಗೆಯುತ್ತದೆ. ನಿಮ್ಮ ಕೈಯಿಂದ ಕಾಳು ತಿನ್ನುವ ತನಕ ಪಾಠ ಇಲ್ಲ.

3. ಪಾಠ: ಎಲ್ಲರೂ ಎಡವುವುದು ಇಲ್ಲೇ. ಬಜೆ ತೇಯ್ದು ಕೊಟ್ಟರೆ, ಮೆಣಸಿನಕಾಯಿ ತಿನ್ನಿಸಿದರೆ ನಾಲಿಗೆ ತಿರುಗುತ್ತದೆ ಅಂತ ಹೇಳುವವರು ಇದ್ದಾರೆ. ಸುಮ್ನೆ ಮಾತು. ಗಿಳಿಯ ದನಿ ಹುಟ್ಟುವುದು ಗಂಟಲಲ್ಲಲ್ಲ, ಉಸಿರ್ನಳಿಗೆಯ ಬುಡದಲ್ಲಿ. ಕಲಿಯುವುದು ಮೆದುಳು. ಬಜರಿಗರ್ ಹಿಂಡಿನ ಹಕ್ಕಿ. ಜೊತೆಗಾರರ ಕೂಗನ್ನು ತಾನೂ ಕೂಗಿ ಗುಂಪಿಗೆ ಸೇರಿಕೊಳ್ಳುತ್ತದೆ. ಜೋಡಿಯಾಗುವಾಗ ಗಂಡು ಹೆಣ್ಣಿನ ಕೂಗನ್ನೇ ಕಲಿತುಬಿಡುತ್ತದೆ. ಒಂಟಿ ಹಕ್ಕಿಗೆ ಮನೆಯವರೇ ಹಿಂಡು, ಹಾಗಾಗಿ ನಿಮ್ಮ ಮಾತು ಕಲಿಯುತ್ತದೆ. ಇಡೀ ದಿನ ಮನೆಯಲ್ಲಿ ಯಾರೂ ಇರುವುದಿಲ್ಲವೇ? ಹಾಗಿದ್ದರೆ ಎರಡು ತನ್ನಿ, ಮಾತಿನ ಆಸೆ ಬಿಡಿ.

ಒಬ್ಬರೇ ಕಲಿಸಬೇಕು, ಒಂದೇ ಮಾತು. ‘ತಿಂಡಿ ಆಯ್ತಾ?’ ಸಾಕು. ಕೆಲವರು ನೇರ ವಿಷ್ಣು ಸಹಸ್ರನಾಮಕ್ಕೇ ಕೈಹಾಕುತ್ತಾರೆ! ಬೆಳಿಗ್ಗೆ ತಿಂಡಿ ಇಡುವಾಗ, ಸಂಜೆ ಕಾಳು ಹಾಕುವಾಗ, ಟಿವಿ ಆರಿಸಿ, ಅದೇ ರಾಗದಲ್ಲಿ, ಖುಷಿಯಿಂದ ಹೇಳಿ. ಅದು ತಾನೇ ಚಿಲಿಪಿಲಿ ಮಾಡುತ್ತಿದ್ದರೆ ನೀವು ಸುಮ್ಮನಿರಿ. ಗದ್ದಲ ನಿಲ್ಲಿಸಿ, ರೆಕ್ಕೆ ಮೈಗೆ ಒತ್ತಿಕೊಂಡು, ತಲೆ ವಾಲಿಸಿ, ನಿಮ್ಮ ಬಾಯಿಯನ್ನೇ ನೋಡುತ್ತದಲ್ಲ, ಆಗ ಹೇಳಿ. ಪುಕ್ಕ ತೀಡಲು ತಿರುಗಿತೋ, ಅವತ್ತಿನ ಪಾಠ ಮುಗಿಯಿತು.

ಮುಂದೆ ಒಂದು ಮಧ್ಯಾಹ್ನ ಕಣ್ಣು ಅರೆ ಮುಚ್ಚಿ, ಪುಕ್ಕ ಉಬ್ಬಿಸಿ ಗೊಣಗುವುದು ಕೇಳಿಸುತ್ತದೆ. ಕಿವಿಗೊಟ್ಟರೆ ಕಿಚಕಿಚದ ನಡುವೆ ‘…ಡಿಯಾತಾ, …ಡಿಯಾ’. ಅದು ಅಭ್ಯಾಸ ಮಾಡುತ್ತಿದೆ. ಓಡಿಬಂದು ‘ಹೇಳು, ಇನ್ನೊಂದ್ಸಲ ಹೇಳು’ ಅಂದಿರೋ, ಬಾಯಿ ಮುಚ್ಚುತ್ತದೆ. ಇದು ಸ್ಪಷ್ಟವಾಗುವವರೆಗೆ ಎರಡನೇ ಮಾತು ಬೇಡ.

ಮೊಬೈಲಲ್ಲಿ ರೆಕಾರ್ಡ್ ಮಾಡಿ ದಿನವಿಡೀ ಹಾಕುವ ಅಡ್ಡದಾರಿ ಜಾಸ್ತಿ ಆಗಿದೆ. ಉಪಯೋಗವಿಲ್ಲ. ಅಮೆರಿಕದ ವಿಜ್ಞಾನಿ ಐರೀನ್ ಪೆಪರ್‌ಬರ್ಗ್ ಬೂದು ಗಿಳಿಗಳಿಗೆ ಬರೀ ಟೇಪ್, ವಿಡಿಯೊ ಹಾಕಿ ನೋಡಿದರು, ಅವು ಪದ ಕಲಿಯಲಿಲ್ಲ. ಅವರು ಸಾಕಿದ್ದ ಬೂದು ಗಿಳಿ ಅಲೆಕ್ಸ್‌ಗೆ ಇಬ್ಬರು ಎದುರೇ ಕೂತು ಕಲಿಸುತ್ತಿದ್ದರು. ಒಬ್ಬರು ವಸ್ತು ತೋರಿಸಿ ಕೇಳುವುದು, ಸರಿಯಾಗಿ ಹೇಳಿದ ಇನ್ನೊಬ್ಬರಿಗೆ ಅದನ್ನು ಕೊಡುವುದು. ನೋಡುತ್ತಾ ಅಲೆಕ್ಸ್‌ಗೆ ಹೊಟ್ಟೆಕಿಚ್ಚು! 2007ರಲ್ಲಿ ಸಾಯುವ ಹೊತ್ತಿಗೆ ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ವಸ್ತುಗಳ ಹೆಸರು ಕಲಿಸುವಾಗ, ಮನೆಯಲ್ಲಿ ಇಬ್ಬರಿದ್ದರೆ ನೀವೂ ಹೀಗೆ ಮಾಡಿ.

4. ಆಟ: ಬೇಜಾರಾದ ಗಿಳಿ ತನ್ನ ಪುಕ್ಕವನ್ನೇ ಕಿತ್ತುಕೊಳ್ಳುತ್ತದೆ. ಬಣ್ಣವಿಲ್ಲದ ರಟ್ಟು, ತೆಂಗಿನ ನಾರು ಕೊಡಿ, ಹರಿದು ಹಾಕಲಿ. ಕಾಳನ್ನು ಕಾಗದದಲ್ಲಿ ಸುತ್ತಿಟ್ಟರೆ ಬಿಚ್ಚುವುದೇ ಅದಕ್ಕೆ ಹಬ್ಬ. ಕನ್ನಡಿ ಬೇಡ. ಒಳಗಿನ ಹಕ್ಕಿಯನ್ನೇ ಜೊತೆಗಾರ ಅಂದುಕೊಂಡು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಕಲಿಸದೆ ಇದ್ದದ್ದೂ ಬರುತ್ತದೆ. ಬೈಗುಳ ಕಲಿತರೆ ನಗಬೇಡಿ, ಗದರಿಸಲೂ ಬೇಡಿ. ಎರಡೂ ಅದಕ್ಕೆ ಬಹುಮಾನವೇ. ಮಾತಾಡದೆ ಎದ್ದು ಪಕ್ಕದ ಕೋಣೆಗೆ ಹೋಗಿ.