ಫೋನಿನ ಪರದೆಯಲ್ಲಿ ಹಸಿರು ಗೆರೆ ಮೂಡಿದರೆ ಏನು ಮಾಡಬೇಕು?

ಆಷಾಢದ ಒಂದು ಬೆಳಿಗ್ಗೆ ಅಲಾರಂ ನಿಲ್ಲಿಸಲು ಫೋನ್ ಕೈಗೆತ್ತಿಕೊಂಡಾಗ ಪರದೆಯ ಬಲಭಾಗದಲ್ಲಿ ಕೂದಲೆಳೆಯಷ್ಟು ತೆಳುವಾದ ಹಸಿರು ಗೆರೆಯೊಂದು ಕಂಡಿತು. ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಅಳತೆಗೋಲು ಇಟ್ಟು ಎಳೆದಷ್ಟು ನೇರ. ಹಿಂದಿನ ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಹಾಕಿ ಮಲಗಿದ್ದೆ. ಫೋನ್ ಕೊಂಡು ಹತ್ತು ತಿಂಗಳಾಗಿತ್ತು. ಒಮ್ಮೆಯೂ ಕೆಳಗೆ ಬಿದ್ದಿರಲಿಲ್ಲ, ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

ಹಾಸನದ ಸರ್ವಿಸ್ ಸೆಂಟರ್‌ನಲ್ಲಿ ಕೌಂಟರಿನ ಹುಡುಗ ಫೋನನ್ನು ಒಳಗೆ ಒಯ್ದು ಐದು ನಿಮಿಷದಲ್ಲಿ ವಾಪಸು ಬಂದ. "ಒಳಗೆ ನೀರು ಹೋಗಿದೆ ಮೇಡಂ, ಮಳೆಗಾಲ ನೋಡಿ. ವಾರಂಟಿಗೆ ಬರುವುದಿಲ್ಲ. ಡಿಸ್‌ಪ್ಲೇ ಬದಲಾಯಿಸಲು ಹನ್ನೊಂದು ಸಾವಿರ ಆಗುತ್ತದೆ" ಎಂದ. "ಅದನ್ನೇ ಒಂದು ಕಾಗದದಲ್ಲಿ ಬರೆದುಕೊಡಿ" ಎಂದೆ. ಅಲ್ಲಿಯವರೆಗೆ ಸರಾಗವಾಗಿ ಮಾತನಾಡುತ್ತಿದ್ದವನು ತಡವರಿಸಿದ. ಬರೆದುಕೊಡುವ ಪದ್ಧತಿ ಇಲ್ಲವಂತೆ. ಅಂದು ಬರಿಗೈಯಲ್ಲಿ ಮನೆಗೆ ಬಂದೆ. ಆದರೆ ಆ ತಡವರಿಕೆಯಲ್ಲೇ ಮುಂದಿನ ದಾರಿ ಕಂಡಿತ್ತು. ಬಾಯಿಮಾತಿನಲ್ಲಿ ಏನನ್ನು ಬೇಕಾದರೂ ಹೇಳುವವರು ಬರೆಯಬೇಕಾದಾಗ ಎಚ್ಚರವಾಗುತ್ತಾರೆ. ಏಳು ವಾರಗಳ ನಂತರ ಅದೇ ಕೌಂಟರಿನಲ್ಲಿ ನನ್ನ ಪರದೆ ಉಚಿತವಾಗಿ ಬದಲಾಯಿತು. ಆ ಏಳು ವಾರಗಳಲ್ಲಿ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ. ಪರದೆಗಷ್ಟೇ ಅಲ್ಲ, ಮೈಕ್, ಕ್ಯಾಮೆರಾ, ಚಾರ್ಜಿಂಗ್, ಮದರ್‌ಬೋರ್ಡ್ ಯಾವುದು ಕೈಕೊಟ್ಟರೂ ದಾರಿ ಇದೇ.

ಮೊದಲು ದೋಷ ಎಲ್ಲಿದೆ ಎಂದು ತಿಳಿಯಿರಿ

ಗೆರೆ ಕಾಣುವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಫೋನಿಗೆ ಕಳುಹಿಸಿ. ಅಲ್ಲಿ ತೆರೆದಾಗ ಗೆರೆ ಕಾಣದಿದ್ದರೆ ದೋಷ ಸಾಫ್ಟ್‌ವೇರ್‌ನದಲ್ಲ, ಯಂತ್ರಾಂಶದ್ದು. ಸ್ಕ್ರೀನ್‌ಶಾಟ್ ಎಂದರೆ ಫೋನು ಪರದೆಗೆ ಕಳುಹಿಸುವ ಚಿತ್ರ. ಚಿತ್ರ ಸರಿಯಿದ್ದು, ಅದನ್ನು ತೋರಿಸುವಲ್ಲಿ ಎಡವಟ್ಟಾಗಿದೆ ಎಂದಾಯಿತು. ಅದೇ ಫೋನಿನಲ್ಲಿ ನೋಡಿದರೆ ಉಪಯೋಗವಿಲ್ಲ, ಗೆರೆ ಎಲ್ಲದರ ಮೇಲೂ ಕಾಣುತ್ತಲೇ ಇರುತ್ತದೆ.

ಗೆರೆ ಅಷ್ಟು ನೇರವಾಗಿರುವುದಕ್ಕೂ ಕಾರಣವಿದೆ. ಅಮೊಲೆಡ್ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಮೇಲಿನಿಂದ ಕೆಳಗಿನ ಒಂದೊಂದು ಸಾಲಿನ ಚುಕ್ಕೆಗಳಿಗೂ ಒಂದೊಂದು ಸೂಕ್ಷ್ಮ ತಂತುವಿನ ಮೂಲಕ ಸಂಕೇತ ಬರುತ್ತದೆ. ಆ ತಂತು ಪರದೆಯ ಅಂಚಿನಲ್ಲಿ ಸೇರುವ ಜಾಗ ಹಾಳಾದರೆ ಆ ಸಾಲು ಹಿಡಿತ ತಪ್ಪಿ ಒಂದೇ ಬಣ್ಣದಲ್ಲಿ ಉರಿಯುತ್ತಲೇ ಇರುತ್ತದೆ. ಅಪ್‌ಡೇಟ್ ಆಗುವಾಗ ಫೋನು ಹೆಚ್ಚು ಹೊತ್ತು ದುಡಿದು ಬಿಸಿಯಾಗುತ್ತದೆ, ಮೊದಲೇ ದುರ್ಬಲವಾಗಿದ್ದ ಜೋಡಣೆ ಆಗ ಬಿಟ್ಟುಕೊಡಬಹುದು. ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್‌ನಿಂದ ಇದು ಸರಿಯಾಗುವುದಿಲ್ಲ. ಗ್ರಾಹಕ ಸೇವೆಯವರು ಮೊದಲು ಹೇಳುವುದು ಮಾತ್ರ ಅದನ್ನೇ.

ಬೇರೆ ತೊಂದರೆಗಳಿಗೆ ಸೇಫ್ ಮೋಡ್‌ನಲ್ಲಿ ನೋಡಿ. ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಅಲ್ಲಿ ಸುಮ್ಮನಿರುತ್ತವೆ. ಅಲ್ಲಿಯೂ ಪರದೆ ತಾನಾಗಿ ಒತ್ತಿಕೊಂಡರೆ ಅಥವಾ ಮೈಕ್ ಕೆಲಸ ಮಾಡದಿದ್ದರೆ ಆ್ಯಪ್‌ಗಳನ್ನು ದೂರುವಂತಿಲ್ಲ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಏಳುತ್ತಿದ್ದರೆ ಮಾತ್ರ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಫೋನನ್ನು ಆರಿಸಿ, ಹಾಸಿಗೆ ಬಟ್ಟೆಗಳಿಂದ ದೂರವಿಟ್ಟು, ಅಂದೇ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ.

ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ ಕೆಲಸ

ಎರಡನೇ ಸಲ ಹೋಗುವಾಗ ನಾನು ಅರ್ಧ ದಿನ ತಯಾರಿ ನಡೆಸಿದ್ದೆ. ಮೊದಲು ಬಿಲ್. ಅದರಲ್ಲಿ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ ನಮೂದಾಗಿರಬೇಕು. ಫೋನಿನಲ್ಲಿ *#06# ಒತ್ತಿದಾಗ ಬರುವ ಸಂಖ್ಯೆಗೂ ಡಬ್ಬಿಯ ಮೇಲಿನ ಸಂಖ್ಯೆಗೂ ಬಿಲ್ಲಿನ ಸಂಖ್ಯೆಗೂ ತಾಳೆ ನೋಡಿ. ಡಬ್ಬಿಯನ್ನು ಎಸೆಯಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗ್ರಾಹಕ ಸಂಪರ್ಕದ ವಿವರಗಳನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕೆಂಬ ನಿಯಮವಿದೆ. ಮುಂದೆ ನೋಟಿಸ್ ಕಳುಹಿಸುವಾಗ ಬೇಕಾಗುವ ವಿಳಾಸ ಅದೇ.

ಆಮೇಲೆ ವಿಡಿಯೊ. ಹಗಲು ಬೆಳಕಿನಲ್ಲಿ ಇನ್ನೊಂದು ಫೋನಿನಿಂದ ಒಂದೇ ಓಟದಲ್ಲಿ ಚಿತ್ರೀಕರಿಸಿ: ಪರದೆಯ ದೋಷ, ಐಎಂಇಐ ಸಂಖ್ಯೆ, ನಾಲ್ಕು ಮೂಲೆ, ಹಿಂಬದಿ, ಚಾರ್ಜಿಂಗ್ ರಂಧ್ರ. ಕೊನೆಗೆ ಸಿಮ್ ಟ್ರೇಯನ್ನು ಹೊರಗೆಳೆದು ಆ ಸೀಳಿನೊಳಗೆ ಟಾರ್ಚ್ ಬೆಳಕು ಬಿಡಿ. ಅನೇಕ ಮಾದರಿಗಳಲ್ಲಿ ಅಲ್ಲಿ ಎಳ್ಳುಕಾಳಿಗಿಂತ ತುಸು ದೊಡ್ಡದಾದ ಬಿಳಿ ಪಟ್ಟಿ ಅಂಟಿಸಿರುತ್ತಾರೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ನನ್ನ ಫೋನಿನಲ್ಲಿ ಅದು ಬೆಳ್ಳಗೇ ಇತ್ತು. ನೀರು ಹೋಗಿದೆ ಎಂಬ ಮಾತಿಗೆ ನನ್ನ ಬಳಿ ಇದ್ದ ಉತ್ತರ ಆ ಬಿಳಿ ಪಟ್ಟಿಯ ಚಿತ್ರ. ಎಲ್ಲ ಮಾದರಿಗಳಲ್ಲೂ ಇದು ಹೊರಗಿನಿಂದ ಕಾಣುವುದಿಲ್ಲ. ಕಾಣದಿದ್ದರೆ ನಿಮ್ಮೆದುರೇ ಬಿಚ್ಚಿ ತೋರಿಸುವಂತೆ ಕೇಳಿ, ಚಿತ್ರ ತೆಗೆದುಕೊಳ್ಳಿ.

ಫೋನ್ ಒಪ್ಪಿಸುವ ಮೊದಲು ಫೋಟೊ, ಸಂಪರ್ಕ, ವಾಟ್ಸ್ಆ್ಯಪ್ ಸಂಭಾಷಣೆಗಳ ಬ್ಯಾಕಪ್ ತೆಗೆದಿಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ಪರದೆಯ ಸ್ಪರ್ಶ ಸತ್ತಿದ್ದರೂ ಚಾರ್ಜಿಂಗ್ ರಂಧ್ರಕ್ಕೆ ಸಿಕ್ಕಿಸುವ ಒಟಿಜಿ ಎಂಬ ಪುಟ್ಟ ಕೊಂಡಿಯ ಮೂಲಕ ಕಂಪ್ಯೂಟರ್ ಮೌಸ್ ಜೋಡಿಸಿದರೆ ಬಾಣದ ಗುರುತು ಕಾಣಿಸಿಕೊಳ್ಳುತ್ತದೆ, ಅದರಿಂದಲೇ ಕೆಲಸ ಮುಗಿಸಬಹುದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದರೆ ಒಪ್ಪಬೇಡಿ. ಕೆಲವು ಫೋನುಗಳಲ್ಲಿ ರಿಪೇರಿಗೆಂದೇ ಪ್ರತ್ಯೇಕ ಮೋಡ್ ಇದೆ, ಅದನ್ನು ಹಾಕಿದರೆ ನಿಮ್ಮ ಖಾಸಗಿ ವಿವರಗಳು ತಂತ್ರಜ್ಞರಿಗೆ ಕಾಣುವುದಿಲ್ಲ. ಅದಿಲ್ಲದಿದ್ದರೆ ಎಲ್ಲವನ್ನೂ ಅಳಿಸಿಯೇ ಕೊಡಿ.

ಜಾಬ್ ಶೀಟ್ ಇಲ್ಲದೆ ಫೋನ್ ಕೊಡಬೇಡಿ

ಇಡೀ ಪ್ರಕ್ರಿಯೆಯಲ್ಲಿ ನಿರ್ಣಾಯಕವಾದದ್ದು ಫೋನ್ ಪಡೆದುಕೊಳ್ಳುವಾಗ ಸರ್ವಿಸ್ ಸೆಂಟರ್‌ನವರು ಕೊಡುವ ಈ ಒಂದು ಹಾಳೆ. ದಿನಾಂಕ, ಐಎಂಇಐ, ದೂರಿನ ವಿವರ, ಫೋನಿನ ಹೊರಗಿನ ಸ್ಥಿತಿ, ವಾರಂಟಿ ಇದೆಯೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಸಹಿ ಹಾಕುವ ಮುನ್ನ ಪ್ರತಿ ಸಾಲನ್ನೂ ಓದಿ. ನನಗೆ ಕೊಟ್ಟ ಹಾಳೆಯಲ್ಲಿ ದೂರಿನ ಕಾಲಂನಲ್ಲಿ "ಡಿಸ್‌ಪ್ಲೇ ಸಮಸ್ಯೆ" ಎಂದಷ್ಟೇ ಇತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ಗ್ರಾಹಕರಿಂದ ಆದ ಹಾನಿ ಎಂಬ ಚೌಕಕ್ಕೆ ಮೊದಲೇ ಟಿಕ್ ಬಿದ್ದಿತ್ತು. ಅದಕ್ಕೆ ಸಹಿ ಹಾಕಿದ್ದರೆ ತಪ್ಪು ನನ್ನದೆಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ಟಿಕ್ ತೆಗೆಸಿ, "ಅಪ್‌ಡೇಟ್ ನಂತರ ಬಲಭಾಗದಲ್ಲಿ ಹಸಿರು ಗೆರೆ, ಗಾಜು ಒಡೆದಿಲ್ಲ, ಹೊರಗೆ ಹಾನಿ ಇಲ್ಲ" ಎಂದು ಬರೆಸಿದೆ. ಅವರು ತಿದ್ದಲು ಒಪ್ಪದಿದ್ದರೆ ಸಹಿಯ ಪಕ್ಕದಲ್ಲಿ "ಈ ಅಂಶಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದು ಕೈಯಲ್ಲೇ ಬರೆದು ಸಹಿ ಹಾಕಿ, ಹಾಳೆಯ ಚಿತ್ರ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೂ ಅದು ದಾಖಲೆಯೇ.

ರಿಪೇರಿ ನಿರಾಕರಿಸಿದರೆ ನಿರಾಕರಣೆಯ ಕಾರಣವನ್ನೂ ಅಂದಾಜು ವೆಚ್ಚವನ್ನೂ ಅದೇ ಹಾಳೆಯಲ್ಲಿ ಬರೆಸಿ. ಅದೂ ಆಗದಿದ್ದರೆ ಹೊರಗೆ ಬಂದ ಕೂಡಲೇ ಕಂಪನಿಯ ಇಮೇಲ್‌ಗೆ ನಡೆದದ್ದನ್ನು ಬರೆದು ಕಳುಹಿಸಿ: ಇಂದು ಇಷ್ಟು ಗಂಟೆಗೆ ಇಂಥ ಸೆಂಟರ್‌ಗೆ ಹೋಗಿದ್ದೆ, ನೀರು ಹೋಗಿದೆ ಎಂದರು, ಲಿಖಿತವಾಗಿ ಕೊಡಲಿಲ್ಲ ಎಂದು. ಆ ಹೊತ್ತಿಗೆ ಬರೆದ ಪತ್ರಕ್ಕೆ ತಿಂಗಳ ನಂತರದ ನೆನಪಿಗಿಂತ ಹೆಚ್ಚು ಬೆಲೆ.

ಒಂದೇ ದೋಷಕ್ಕೆ ಎರಡು ಮೂರು ಸಲ ಹೋಗಬೇಕಾಗಿ ಬಂದರೆ ಪ್ರತಿ ಸಲವೂ ಹೊಸ ಜಾಬ್ ಶೀಟ್ ಮಾಡಿಸಿ. ಮೂರು ಹಾಳೆಗಳು ಒಟ್ಟಿಗಿದ್ದರೆ ಇದು ಬಳಕೆಯಿಂದ ಬಂದ ತೊಂದರೆ ಎನ್ನುವುದು ಕಂಪನಿಗೆ ಕಷ್ಟವಾಗುತ್ತದೆ. ಈ ಹಂತದಲ್ಲಿ ಬೀದಿ ಬದಿಯ ಅಂಗಡಿಯಲ್ಲಿ ಫೋನ್ ಬಿಚ್ಚಿಸಬೇಡಿ. ಆ ರಿಪೇರಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಬೇರೆಯವರು ಬಿಚ್ಚಿದ ಫೋನನ್ನು ಕಂಪನಿ ಮತ್ತೆ ಮುಟ್ಟುವುದಿಲ್ಲ.

ಕೌಂಟರಿನಿಂದ ಮೇಲಕ್ಕೆ

ಕೌಂಟರಿನಲ್ಲಿ ಕೂತ ಹುಡುಗನೊಂದಿಗೆ ಜಗಳವಾಡಿ ಫಲವಿಲ್ಲ. ಅವನು ಸಂಬಳಕ್ಕೆ ದುಡಿಯುವವನು, ವಾರಂಟಿ ನಿರ್ಧಾರ ಅವನ ಕೈಯಲ್ಲಿಲ್ಲ. ಕಂಪನಿಯ ಜಾಲತಾಣದಲ್ಲಿ ದೂರು ಸಲ್ಲಿಸಿ, ಆ ದೂರಿಗೆ ಅವರು ಕೊಡುವ ಟಿಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಚಾಟ್‌ನಲ್ಲಿ ಮಾತನಾಡಿದರೆ ಕಿಟಕಿ ಮುಚ್ಚುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಾಲ್ಕನೇ ಪ್ರತಿನಿಧಿಯೂ ಮೊದಲಿನಿಂದ ಕಥೆ ಹೇಳಿಸಿದಾಗ ನನಗೆ ನಿಜಕ್ಕೂ ಅಳು ಬಂದಿತ್ತು. ಆಮೇಲೆ ಎಲ್ಲವನ್ನೂ ಹನ್ನೆರಡು ಸಾಲಿನಲ್ಲಿ ಬರೆದಿಟ್ಟು ಪ್ರತಿ ಸಲ ಅದನ್ನೇ ಅಂಟಿಸತೊಡಗಿದೆ. ನಿಮಗೆ ಏನು ಬೇಕು ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ: ಉಚಿತ ರಿಪೇರಿಯೋ, ಬದಲಿ ಫೋನೋ, ಹಣ ವಾಪಸೋ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಮಾರಾಟ ತಾಣದ ದೂರು ಪರಿಹಾರ ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.

ನಿಮ್ಮ ಮಾದರಿಯಲ್ಲಿ ಇದೇ ದೋಷ ಬೇರೆಯವರಿಗೂ ಬಂದಿದೆಯೇ ಎಂದು ಹುಡುಕಿ. ಕಂಪನಿಗಳು ತಯಾರಿಕೆಯ ದೋಷವನ್ನು ಒಪ್ಪಿಕೊಂಡ ಉದಾಹರಣೆಗಳಿವೆ. ಐಫೋನ್ 11ರ ಕೆಲವು ಫೋನುಗಳ ಪರದೆ ಸ್ಪರ್ಶಕ್ಕೆ ಸ್ಪಂದಿಸುತ್ತಿಲ್ಲ ಎಂದು ಆ್ಯಪಲ್ 2020ರ ಡಿಸೆಂಬರ್‌ನಲ್ಲಿ ಉಚಿತ ಬದಲಾವಣೆ ಘೋಷಿಸಿತು. ತಾನಾಗಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದ ಜಿ4 ಫೋನಿನಲ್ಲಿ ಬಿಡಿಭಾಗಗಳ ಸಂಪರ್ಕ ಸಡಿಲವಾಗಿದೆ ಎಂದು ಎಲ್‌ಜಿ 2016ರಲ್ಲಿ ಒಪ್ಪಿಕೊಂಡಿತು. ಇಂಥ ಘೋಷಣೆಗಳು ಕಂಪನಿಯ ಜಾಲತಾಣದ ಮೂಲೆಯಲ್ಲಿ ಇರುತ್ತವೆ, ಕೌಂಟರಿನವರು ತಾವಾಗಿ ಹೇಳುವುದು ಅಪರೂಪ.

1915ಕ್ಕೆ ಕರೆ ಮಾಡಿ

ಕಂಪನಿಗೆ ಬರೆದು ಎರಡು ವಾರವಾದರೂ ದಾರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಕನ್ನಡದಲ್ಲೇ ಮಾತನಾಡಬಹುದು. ಅವರ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು, ಬಿಲ್ಲು ಮತ್ತು ಜಾಬ್ ಶೀಟ್ ಸೇರಿಸಲು ಅದೇ ಅನುಕೂಲ. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಆದರೆ ದೂರು ನೇರವಾಗಿ ಕಂಪನಿಯ ಹಿರಿಯ ತಂಡಕ್ಕೆ ತಲುಪುತ್ತದೆ. ನನ್ನ ವಿಷಯದಲ್ಲಿ ಒಂಬತ್ತನೆಯ ದಿನ ಕಂಪನಿಯಿಂದಲೇ ಕರೆ ಬಂತು. ಫೋನಿನಾಚೆ ಇದ್ದವರ ಮುಂದೆ ನನ್ನ ಜಾಬ್ ಶೀಟ್ ತೆರೆದಿತ್ತು, ನೀರಿನ ಮಾತನ್ನು ಅವರು ಎತ್ತಲೇ ಇಲ್ಲ.

ಅದಕ್ಕೂ ಬಗ್ಗದಿದ್ದರೆ

ಮಾರಿದ ಅಂಗಡಿ, ಸರ್ವಿಸ್ ಸೆಂಟರ್, ತಯಾರಕ ಕಂಪನಿ ಮೂವರಿಗೂ ಒಂದು ಪುಟದ ನೋಟಿಸ್ ಬರೆದು ಹದಿನೈದು ದಿನಗಳ ಗಡುವು ಕೊಡಿ. ವಕೀಲರಿಂದಲೇ ಬರೆಸಬೇಕೆಂದಿಲ್ಲ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿರುವುದರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

ನಂತರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥವರಿಗೆ ಅತ್ಯಂತ ಉಪಕಾರವಾಗಿರುವುದು ಒಂದು ಬದಲಾವಣೆ: ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಗುರುಗ್ರಾಮಕ್ಕೋ ನೊಯಿಡಾಕ್ಕೋ ಅಲೆಯಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ನೀವೇ ವಾದಿಸಬಹುದು. ಮನೆಯಿಂದಲೇ ಸಲ್ಲಿಸುವುದಾದರೆ 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣವಿದೆ.

ಗಡುವು ಮರೆಯಬೇಡಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ದೂರು ಸ್ವೀಕೃತವಾದ ಮೇಲೆ ಕಂಪನಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಬೇಕೆನಿಸಿದರೆ ಆಯೋಗವೇ ಫೋನನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಪರೀಕ್ಷೆ ಬೇಡವಾದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ, ಅದಕ್ಕೆ ಸಿದ್ಧರಾಗಿಯೇ ಹೋಗಿ. ದೋಷ ಸರಿಪಡಿಸುವಂತೆ, ಬದಲಿ ಫೋನ್ ಕೊಡುವಂತೆ, ಹಣ ಹಿಂದಿರುಗಿಸುವಂತೆ, ಜೊತೆಗೆ ಪರಿಹಾರ ನೀಡುವಂತೆ ಆದೇಶಿಸುವ ಅಧಿಕಾರ ಆಯೋಗಕ್ಕಿದೆ.

ಫೋನ್ ವಾಪಸು ಪಡೆಯುವಾಗ

ಕರೆ ಬಂದ ಖುಷಿಯಲ್ಲಿ ಫೋನ್ ಕಿಸೆಗೆ ಹಾಕಿಕೊಂಡು ಓಡಬೇಡಿ. ಕೌಂಟರಿನಲ್ಲೇ *#06# ಒತ್ತಿ ಐಎಂಇಐ ತಾಳೆ ನೋಡಿ. ಮದರ್‌ಬೋರ್ಡ್ ಬದಲಾಗಿದ್ದರೆ ಸಂಖ್ಯೆ ಬೇರೆಯಾಗಿರಬಹುದು, ಹಾಗಿದ್ದರೆ ಹೊಸ ಸಂಖ್ಯೆಯನ್ನು ಬರೆಸಿಕೊಳ್ಳಿ. ಪೂರ್ತಿ ಬಿಳಿ ಚಿತ್ರ, ಪೂರ್ತಿ ಕಪ್ಪು ಚಿತ್ರ ತೆರೆದು ಪರದೆ ಪರಿಶೀಲಿಸಿ. ಒಂದು ಕರೆ ಮಾಡಿ, ಕ್ಯಾಮೆರಾ, ಬೆರಳಚ್ಚು, ಚಾರ್ಜಿಂಗ್ ನೋಡಿ. ಬದಲಿಸಿದ ಭಾಗಕ್ಕೆ ಎಷ್ಟು ದಿನದ ವಾರಂಟಿ ಎಂದು ಕೇಳಿ.

ನಾನು ಹೋದ ದಿನ ಹಣ ಪಡೆಯದ ರಿಪೇರಿಗೆ ಬಿಲ್ ಬರುವುದಿಲ್ಲ ಎಂದರು. ಕಾಯುತ್ತೇನೆ ಎಂದು ಅಲ್ಲೇ ಕುರ್ಚಿಯಲ್ಲಿ ಕುಳಿತೆ. ಇಪ್ಪತ್ತು ನಿಮಿಷದ ನಂತರ ಪ್ರಿಂಟರ್ ಸದ್ದು ಮಾಡಿತು. ಡಿಸ್‌ಪ್ಲೇ ಬದಲಾವಣೆ, ವಾರಂಟಿ ವ್ಯಾಪ್ತಿಯಲ್ಲಿ, ಪಾವತಿ ಸೊನ್ನೆ. ಆ ಹಾಳೆ ಈಗ ಫೋನಿನ ಡಬ್ಬಿಯಲ್ಲಿ ಹಳೆಯ ಜಾಬ್ ಶೀಟಿನ ಜೊತೆಗಿದೆ.