ಎಲ್‌ಸಿ ಬಂತಾ? ಸರಕು ತುಂಬುವ ಮೊದಲು ಓದಿ

ವಿದೇಶಿ ಖರೀದಿದಾರ ತನ್ನ ಬ್ಯಾಂಕಿನಲ್ಲಿ ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ, ಅಂದರೆ ಹೇಳಿದ ಕಾಗದಪತ್ರ ಸಲ್ಲಿಸಿದರೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಲಿಖಿತ ಭರವಸೆ) ತೆರೆದರೆ ದುಡ್ಡು ಬಂದಂತೆಯೇ ಎಂದು ಹಲವು ರಫ್ತುದಾರರು ನಿರಾಳರಾಗುತ್ತಾರೆ. ಹಣ ಕೊಡುವ ಮಾತು ಬ್ಯಾಂಕಿನದೇ, ಸರಿ. ಆದರೆ ಬ್ಯಾಂಕು ನೋಡುವುದು ಕಾಗದಪತ್ರ ಮಾತ್ರ. ಸರಕು ಎಷ್ಟೇ ಚೆನ್ನಾಗಿರಲಿ, ಕಾಗದ ತಪ್ಪಿದರೆ ಹಣ ನಿಂತಿತು.

ಹಾಗಾಗಿ ಎಲ್‌ಸಿ ಕೈಸೇರಿದ ದಿನವೇ ಮಾರಾಟದ ಒಪ್ಪಂದವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಸಾಲೂ ಬಿಡದೆ ಓದಿ. ಅದು ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ಕ್ಕೆ ಒಳಪಟ್ಟಿದೆಯೇ ನೋಡಿ. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್‌ನ ಈ 39 ವಿಧಿಗಳು 2007ರ ಜುಲೈ 1ರಿಂದ ಜಾರಿಯಲ್ಲಿವೆ. ಇದರಡಿ ಬಂದ ಎಲ್‌ಸಿಯನ್ನು ನಿಮ್ಮ ಒಪ್ಪಿಗೆ ಇಲ್ಲದೆ ರದ್ದು ಮಾಡುವಂತಿಲ್ಲ.

ಮುಂದೆ, ನಿಮ್ಮ ಕೈಯಲ್ಲಿಲ್ಲದ ಷರತ್ತು ಹುಡುಕಿ. 'ಖರೀದಿದಾರ ಸಹಿ ಮಾಡಿದ ತಪಾಸಣಾ ಪತ್ರ ಬೇಕು' ಎಂದಿದ್ದರೆ ಎಚ್ಚರ. ಅವನು ಸಹಿ ಹಾಕದಿದ್ದರೆ ಕಥೆ ಮುಗಿಯಿತು, ಅಲ್ವಾ? ಕೂಡಲೇ ತಿದ್ದುಪಡಿ ಕೇಳಿ. 'ಪರವಾಗಿಲ್ಲ, ಕಳಿಸಿ' ಎಂಬ ಅವನ ಇಮೇಲ್‌ಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ. ತಿದ್ದುಪಡಿ ಎಲ್‌ಸಿ ತೆರೆದ ಬ್ಯಾಂಕಿನಿಂದಲೇ ಬರಬೇಕು. ಆ ಬ್ಯಾಂಕಿನ ಮೇಲೆ ಅಥವಾ ಆ ದೇಶದ ಮೇಲೆ ಅನುಮಾನವಿದ್ದರೆ ಶುಲ್ಕ ಜಾಸ್ತಿಯಾದರೂ ಇನ್ನೊಂದು ಬ್ಯಾಂಕಿನ ಕನ್ಫರ್ಮೇಶನ್, ಅಂದರೆ ತಾನೂ ಹಣ ಕೊಡುತ್ತೇನೆಂಬ ಭರವಸೆ, ಪಡೆಯಿರಿ.

ಇನ್ನು ಕಾಗದ ತಯಾರಿ. 1940ರ ದಶಕದಲ್ಲಿ ಇಂಗ್ಲೆಂಡಿನ ಕೋರ್ಟಿಗೆ ಹೋದ ರೇನರ್-ಹ್ಯಾಂಬ್ರೋಸ್ ಪ್ರಕರಣ ನೋಡಿ. ಎಲ್‌ಸಿಯಲ್ಲಿ 'ಕೋರಮಂಡಲ್ ಕಡಲೆಕಾಯಿ' ಎಂದಿತ್ತು. ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕಿಗೆ ಹಡಗು ಕಂಪನಿ ಕೊಡುವ ಸಾಗಣೆ ಪತ್ರ) 'ಯಂತ್ರದಲ್ಲಿ ಸುಲಿದ ಕಡಲೆಬೀಜ' ಎಂದಿತ್ತು. ಎರಡೂ ಒಂದೇ ಎಂದು ಆ ವ್ಯಾಪಾರದವರಿಗೆಲ್ಲ ಗೊತ್ತಿತ್ತು. ಆದರೂ ಹಣ ಕೊಡದ ಬ್ಯಾಂಕೇ ಗೆದ್ದಿತು. ವ್ಯಾಪಾರದ ರೂಢಿ ಬ್ಯಾಂಕಿಗೆ ಗೊತ್ತಿರಬೇಕಿಲ್ಲ ಎಂದಿತು ಕೋರ್ಟು. ಈಗಿನ ನಿಯಮ ತುಸು ಸಡಿಲ. ಸರಕಿನ ವಿವರಣೆ ಇನ್‌ವಾಯ್ಸ್‌ನಲ್ಲಿ ಎಲ್‌ಸಿಗೆ ಸರಿಹೊಂದಬೇಕು, ಉಳಿದ ಪತ್ರಗಳಲ್ಲಿ ವಿರೋಧವಿಲ್ಲದಿದ್ದರೆ ಸಾಕು. ನನ್ನನ್ನು ಕೇಳಿದರೆ, ಜಾಣತನ ಬೇಡ. ಎಲ್ಲ ಕಡೆ ಎಲ್‌ಸಿಯ ಪದಗಳನ್ನೇ ಸುಮ್ನೆ ನಕಲು ಮಾಡಿ.

ದಿನಾಂಕ ಮೂರು: ಹಡಗಿಗೆ ತುಂಬಲು ಕೊನೆಯ ದಿನ, ಕಾಗದ ಸಲ್ಲಿಸುವ ಗಡುವು, ಎಲ್‌ಸಿಯ ಅವಧಿ. ಬೇರೆ ಗಡುವು ಬರೆದಿಲ್ಲದಿದ್ದರೆ, ಸಾಗಣೆಯಾದ 21 ದಿನಗಳೊಳಗೆ ಮೂಲ ಬಿಲ್ ಆಫ್ ಲೇಡಿಂಗ್ ಸಮೇತ ಕಾಗದ ಬ್ಯಾಂಕಿನಲ್ಲಿರಬೇಕು. ಅದೂ ಎಲ್‌ಸಿಯ ಅವಧಿಯೊಳಗೇ. ಅವಧಿಯ ಕೊನೆಯ ದಿನ ಬ್ಯಾಂಕಿಗೆ ರಜೆಯಿದ್ದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ತುಂಬುವ ದಿನಕ್ಕೆ ಆ ರಿಯಾಯಿತಿ ಇಲ್ಲ.

ಪರಿಶೀಲನೆಗೆ ಬ್ಯಾಂಕಿಗೆ ಗರಿಷ್ಠ 5 ಬ್ಯಾಂಕಿಂಗ್ ದಿನ ಇರುತ್ತದೆ. ನಿರಾಕರಿಸುವುದಾದರೆ ಎಲ್ಲ ತಪ್ಪುಗಳನ್ನೂ ಒಂದೇ ನೋಟಿಸ್‌ನಲ್ಲಿ ಹೇಳಬೇಕು. ಕಾಗದ ಬೇಗ ಕೊಟ್ಟಿದ್ದರೆ ತಿದ್ದಿ ಮತ್ತೆ ಸಲ್ಲಿಸಲು ಸಮಯ ಸಿಗುತ್ತದೆ. ಇಲ್ಲದಿದ್ದರೆ, ತಪ್ಪನ್ನು ಮನ್ನಿಸುತ್ತೀರಾ ಎಂದು ಬ್ಯಾಂಕು ಖರೀದಿದಾರನನ್ನು ಕೇಳಬಹುದು. ಅಷ್ಟರಲ್ಲಿ ಮಾರುಕಟ್ಟೆ ದರ ಇಳಿದಿದ್ದರೆ, ಅವನು ಮೊದಲು ಕೇಳುವುದು ಡಿಸ್ಕೌಂಟ್.